ನಲವತ್ತೆರಡರ ಶರ್ಟು

ಹೆಂಡತಿ ತೀರಿಕೊಂಡ ಒಂಬತ್ತನೇ ದಿನ ಲಿಫ್ಟಣ್ಣನ ಅಡುಗೆಮನೆ ನಾರತೊಡಗಿತು. ಮಗಳು ಮೊದಲು ಬಚ್ಚಲ ತೂತಿಗೆ ಬಿಸಿನೀರು ಸುರಿದಳು. ಆಮೇಲೆ ಎಲ್ಲೋ ಇಲಿ ಸತ್ತಿದೆಯೆಂದು ಒಲೆಯ ಕಟ್ಟೆಯ ಕೆಳಗೆ ಬಗ್ಗಿ ಬಗ್ಗಿ ನೋಡಿ ಸೊಂಟ ಹಿಡಿದುಕೊಂಡಳು. ಕೊನೆಗೆ ಹತ್ತು ವರ್ಷದ ಮೊಮ್ಮಗಳು ಮೂಗು ಮುಚ್ಚಿಕೊಂಡು ಬಾಗಿಲ ಹಿಂದಿನ ಮೊಳೆಯ ಕಡೆ ಬೆರಳು ತೋರಿಸಿದಳು. ಅಲ್ಲಿ ಅಜ್ಜಿಯ ಸಂತೆಚೀಲ ನೇತಾಡುತ್ತಿತ್ತು. ಹಳೆಯ ಕೊಡೆಯ ಕರಿಬಟ್ಟೆ ಬಿಚ್ಚಿ ಅವಳೇ ಹೊಲಿದುಕೊಂಡಿದ್ದ ಚೀಲ ಅದು.

ಅವಳು ಸತ್ತದ್ದು ಆ ಚೀಲ ಹಿಡಿದೇ. ಗುರುವಾರ ಸಂಜೆ ಸಂತೆಯಿಂದ ಬಂದವಳು ಮೂರನೇ ಮಹಡಿಯ ತಿರುವಿನಲ್ಲಿ, ಎದುರು ಬಂದ ಪಕ್ಕದ ಮನೆಯವಳಿಗೆ, "ಒಂದ್ ಗಳಿಗೆ ಕೂತು ಬರ್ತೀನಿ, ನೀನು ನಡಿ" ಎಂದು ಹೇಳಿ ಮೆಟ್ಟಿಲ ಮೇಲೆ ಕೂತಳು. ಮತ್ತೆ ಏಳಲಿಲ್ಲ. ಆ ಗಲಾಟೆಯಲ್ಲಿ ಯಾರೋ ಚೀಲವನ್ನು ತಂದು ಮೊಳೆಗೆ ಸಿಕ್ಕಿಸಿದ್ದರು. ಆಮೇಲೆ ಯಾರಿಗೂ ಅದರ ನೆನಪಾಗಲಿಲ್ಲ.

ನೋಡಿ, ಮೂವತ್ತಾರು ವರ್ಷ ಹದಿನೆಂಟು ಮಹಡಿಯ ಕಚೇರಿಯಲ್ಲಿ ಲಿಫ್ಟು ನಡೆಸಿದ ಮನುಷ್ಯ, ಅವನ ಮನೆ ಮಾತ್ರ ಲಿಫ್ಟಿಲ್ಲದ ಕಟ್ಟಡದ ನಾಲ್ಕನೇ ಮಹಡಿಯಲ್ಲಿ! ಇದನ್ನು ಹೇಳಿಕೊಂಡು ಅವನ ಹೆಂಡತಿ ಜನ್ಮಪೂರ್ತಿ ನಕ್ಕಿದ್ದಳು. ಲಿಫ್ಟಣ್ಣ ನಗುವ ಪೈಕಿಯಲ್ಲ. ಕೆಲಸದಲ್ಲಿದ್ದಾಗ ಅವನ ಬಾಯಿಂದ ದಿನವಿಡೀ ಬರುತ್ತಿದ್ದದ್ದು "ಎಷ್ಟನೇದು?" ಎನ್ನುವ ಒಂದೇ ಮಾತು. ಕೆಲಸ ಬಿಟ್ಟ ಮೇಲೆ ಅದೂ ನಿಂತಿತ್ತು. ಹೆಂಡತಿ ಹೋದ ದಿನದಿಂದ ಅವನಿಗೆ ಅಳುವೂ ಬಂದಿರಲಿಲ್ಲ. ಇಡೀ ಮೈಯೇ ಮರಗಟ್ಟಿದ ಹಾಗಿತ್ತು. ತಟ್ಟೆ ಇಟ್ಟರೆ ಉಣ್ಣುತ್ತಿದ್ದ, ಎತ್ತಿದರೆ ಕೈ ತೊಳೆಯುತ್ತಿದ್ದ.

ಮಗಳು ಚೀಲವನ್ನು ಹಳೇ ಪೇಪರಿನ ಮೇಲೆ ಕವುಚಿದಳು. ಟೊಮೇಟೊ ಕೊಳೆತು ರಸವಾಗಿತ್ತು. ಆಲೂಗಡ್ಡೆ ಮೊಳಕೆ ಬಿಟ್ಟಿತ್ತು. ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದ ಪಟ್ಟಿಯೊಂದಿತ್ತು: ಆಲೂಗಡ್ಡೆ, ಬೀನ್ಸು, ನಲ್ಲಿಗೆ ವಾಷರು, ಎಲಾಸ್ಟಿಕ್ಕು. ಎಲ್ಲಕ್ಕಿಂತ ಕೆಳಗೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದರಿಂದ ಏನೂ ಆಗದೆ, ಒಂದು ಹೊಸ ಶರ್ಟು. ತಿಳಿನೀಲಿ ಬಣ್ಣ, ಉದ್ದ ತೋಳು, ಕಾಲರಿನೊಳಗೆ ರಟ್ಟು, ಮೈತುಂಬ ಗುಂಡುಸೂಜಿ.

"ಅಪ್ಪ, ಇದು ನಿಮಗೆ ತಂದಿದ್ದಾ?"

"ಎಷ್ಟರದು?"

"ನಲವತ್ತೆರಡು ಅಂತ ಇದೆ."

"ನಂದು ಮೂವತ್ತೆಂಟು. ಅವಳಿಗೆ ಗೊತ್ತು."

"ಹಾಗಾದ್ರೆ ಇವರಿಗೆ ತಂದಿರ್ಬೇಕು" ಎಂದು ಮಗಳು ಶರ್ಟನ್ನು ಎತ್ತಿಟ್ಟಳು. 'ಇವರು' ಎಂದರೆ ಅವಳ ಗಂಡ, ಲಾರಿ ಓಡಿಸುವವನು, ಶನಿವಾರಕ್ಕೊಮ್ಮೆ ಮನೆಗೆ ಬರುವವನು. ಶನಿವಾರ ಬಂದವನು ಸೂಜಿ ತೆಗೆಯದೆ ಶರ್ಟನ್ನು ಎದೆಗೆ ಹಿಡಿದು ನೋಡಿದ. ಆಳು ಕಡ್ಡಿಪೈಲ್ವಾನ.

"ಅಯ್ಯೋ ಮಾವ, ಇದರೊಳಗೆ ನಾನೂ ನನ್ನ ಕ್ಲೀನರೂ ಇಬ್ರೂ ಹಿಡಿಸ್ತೀವಿ. ಅತ್ತೆಗೆ ನನ್ನ ಅಳತೆ ಗೊತ್ತಿಲ್ವಾ? ಹೋದ ವರ್ಷ ಅವರೇ ಪ್ಯಾಂಟಿನ ಸೊಂಟ ಹಿಡಿದು ಹೊಲಿದುಕೊಟ್ಟಿದ್ರು."

ಮಗಳು ಅನ್ನ ಬಡಿಸಿದಳು. ಬಡಿಸುತ್ತಾ ಒಂದು ಸಲ ಅಪ್ಪನ ಮುಖ ನೋಡಿದಳು, ತಕ್ಷಣ ಕಣ್ಣು ತಿರುಗಿಸಿದಳು. ಅವಳಿಗೂ ಅದೇ ಯೋಚನೆ ಬಂದಿದೆ ಎಂದು ಲಿಫ್ಟಣ್ಣನಿಗೆ ಗೊತ್ತಾಯಿತು. ಸೀದಾ ಹೇಳಬೇಕೆಂದರೆ ಅವನ ತಲೆಗೆ ಹೊಕ್ಕದ್ದು ಇಷ್ಟೇ: ನಲವತ್ತು ವರ್ಷ ತನ್ನ ಜೊತೆ ಬಾಳಿದವಳು ಬೇರೆ ಯಾವುದೋ ಗಂಡಸಿಗೆ ಶರ್ಟು ಕೊಂಡಿದ್ದಳು. ಆ ಗಂಡಸು ಯಾರು?

ಮಾರನೇ ದಿನ ಅವನು ಕೊಡೆಚೀಲವನ್ನು ಸೋಪು ಹಾಕಿ ತಿಕ್ಕಿ ತೊಳೆದು ಒಣಗಿಸಿದ. ಪಟ್ಟಿಯನ್ನು ಜೇಬಿಗಿಟ್ಟ. ಶರ್ಟನ್ನು ಪ್ಲಾಸ್ಟಿಕ್ಕಿನ ಸಮೇತ ಚೀಲದ ತಳಕ್ಕೆ ಹಾಕಿದ.

"ಇನ್ಮೇಲೆ ಸಂತೆಗೆ ನಾನ್ ಹೋಗ್ತೀನಿ" ಎಂದ.

ಮಗಳಿಗೆ ನಗು ಬಂತೋ ಸಿಟ್ಟು ಬಂತೋ. "ನೀವಾ? ಬೆಂಡೆಕಾಯಿ ಬೀನ್ಸು ಗುರ್ತು ಸಿಗುತ್ತಾ ನಿಮಗೆ? ಆಸ್ಪತ್ರೆ ಪಕ್ಕದಲ್ಲೇ ದೊಡ್ಡ ಅಂಗಡಿ ಇದೆ, ಬರ್ತಾ ನಾನೇ ತರ್ತೀನಿ ಬಿಡಿ." ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆಯ ಹೊದಿಕೆಗಳಿಗೆ ಇಸ್ತ್ರಿ ಹಾಕುವವಳು. ಸಂಜೆ ಮನೆಗೆ ಬರುವಾಗ ಅವಳ ಕಾಲು ಊದಿಕೊಂಡು ಚಪ್ಪಲಿಯ ಪಟ್ಟಿ ಅಚ್ಚೊತ್ತಿರುತ್ತಿತ್ತು.

"ನಿನ್ನಮ್ಮ ಹೋಗ್ತಿದ್ದ ಕಡೆಗೇ ಹೋಗ್ತೀನಿ."

"ಹೋಗಿ. ನಿಮ್ಮಿಷ್ಟ."

ಹುಟ್ಟಿ ಬೆಳೆದ ಊರಾದರೂ ಲಿಫ್ಟಣ್ಣನಿಗೆ ಅದರ ಬೀದಿಗಳು ಗೊತ್ತಿರಲಿಲ್ಲ. ಅವನು ಊರನ್ನು ನೋಡಿದ್ದು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ, ಅದೂ ಬಾಗಿಲು ಮುಚ್ಚಿಕೊಂಡು. ರೈಲು ಗೋದಾಮಿನ ಹಿಂದಿನ ತರಕಾರಿ ಬೀದಿಗೆ ಕಾಲಿಟ್ಟಾಗ ಬೆಳಗಿನ ಏಳೂವರೆ. ಎರಡು ಕಡೆಯೂ ಗೋಣಿ ಹಾಸಿಕೊಂಡು ಕೂತವರು, ನಡುವೆ ಒಬ್ಬರ ಮೇಲೊಬ್ಬರು ಬೀಳುವ ಜನ. ಯಾರೋ ಅವನ ಕಾಲು ತುಳಿದು "ಕಣ್ ಕಾಣಲ್ವಾ ಯಜಮಾನ್ರೇ?" ಎಂದು ಅವನಿಗೇ ಬೈದರು. ಅವನು ಗೋಡೆಗೆ ಒತ್ತಿಕೊಂಡು, ಲಿಫ್ಟಿನಲ್ಲಿ ನಿಲ್ಲುತ್ತಿದ್ದ ಹಾಗೆ ಬೆನ್ನು ನೆಟ್ಟಗೆ ಮಾಡಿ ನಿಂತುಬಿಟ್ಟ.

"ಏ, ಆ ಚೀಲ!" ಎಂದು ಒಬ್ಬಳು ಕೂಗಿದಳು. ಆಲೂಗಡ್ಡೆಯವಳು. ದಪ್ಪ ಹೆಂಗಸು, ಬಾಯಿ ಅದಕ್ಕಿಂತ ದಪ್ಪ. "ಅದು ಕೊಡೆಚೀಲದಕ್ಕನ ಚೀಲ ಅಲ್ವೇನ್ರೀ? ನಿಮ್ ಕೈಗೆ ಹೆಂಗ್ ಬಂತು?"

"ನನ್ನ ಹೆಂಡತಿ."

"ಎಲ್ಲಿ ಅವಳು? ಎರಡು ವಾರ ಆಯ್ತು ಮುಖ ತೋರಿಸಿ. ಬರಲಿ, ವಿಚಾರಿಸ್ಕೋತೀನಿ."

"ತೀರಿಕೊಂಡಳು."

ಆಲೂಗಡ್ಡೆಯವಳ ಕೈಯಲ್ಲಿದ್ದ ತಕ್ಕಡಿ ಹಾಗೇ ನಿಂತಿತು. ಅವಳು ಪಕ್ಕದವಳಿಗೆ ಹೇಳಿದಳು, ಪಕ್ಕದವಳು ಅದರಾಚೆಯವಳಿಗೆ. ಐದು ನಿಮಿಷದಲ್ಲಿ ಆ ಬೀದಿಯ ಅರ್ಧಕ್ಕರ್ಧ ಜನಕ್ಕೆ ಸುದ್ದಿ ಮುಟ್ಟಿತ್ತು. ಒಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೊತ್ತಂಬರಿ ಮಾರುವ ಮುದುಕ, "ಎಂಥಾ ಮಾತುಗಾತಿ! ನಗಿಸಿ ನಗಿಸಿ ಕಟ್ಟು ಎತ್ಕೊಂಡ್ ಹೋಗ್ತಿದ್ಲು ಪುಣ್ಯಾತ್ಗಿತ್ತಿ" ಎಂದ. ಮನೆಯಲ್ಲಿ ಅವಳು ಹಾಗೇನೂ ಮಾತಾಡುತ್ತಿರಲಿಲ್ಲ. ಇಷ್ಟು ಜನ ತನ್ನ ಹೆಂಡತಿಗಾಗಿ ಮರುಗುತ್ತಿರುವಾಗ ತಾನು ಮಾತ್ರ ಕಂಬದ ಹಾಗೆ ನಿಂತಿದ್ದೇನಲ್ಲ ಎಂದು ಲಿಫ್ಟಣ್ಣನಿಗೆ ನಾಚಿಕೆಯಾಯಿತು. ಚೀಲದ ತಳದ ಶರ್ಟಿನ ಬಗ್ಗೆ ಕೇಳಲು ಬಾಯಿ ಬರಲಿಲ್ಲ.

ಮನೆಗೆ ತಂದ ಸೌತೆಕಾಯಿ ಕಹಿ ಇತ್ತು. "ತುದಿ ಕಚ್ಚಿ ನೋಡಿ ತರ್ಬೇಕಪ್ಪ" ಎಂದು ಮಗಳು ಅಷ್ಟನ್ನೂ ಕಸದ ಬುಟ್ಟಿಗೆ ಹಾಕಿದಳು. ಮೊಮ್ಮಗಳು ಬ್ರೆಡ್ಡು ತಿಂದು ಸ್ಕೂಲಿಗೆ ಹೋದಳು.

ಎರಡನೇ ವಾರ ಅವನು ಸೇತುವೆಯ ಕೆಳಗಿನ ಹಳೇ ಕಬ್ಬಿಣದ ಸಂತೆಗೆ ಹೋದ. ನೆಲದ ಮೇಲೆ ಬೀಗ, ಬೋಲ್ಟು, ಕೊಳಾಯಿ, ಒಂಟಿ ಕೀಲಿಕೈಗಳು. ತಲೆಯ ಮೇಲೆ ಲಾರಿಗಳು ಹೋದಾಗಲೆಲ್ಲ ಕಬ್ಬಿಣವೆಲ್ಲ ಸಣ್ಣಗೆ ಗಲಗಲ ಎನ್ನುತ್ತಿತ್ತು. ವಾಷರಿನ ಅಂಗಡಿಯವನೂ ಚೀಲ ನೋಡಿಯೇ ಗುರುತು ಹಿಡಿದ. ಸುದ್ದಿ ಕೇಳಿ ಲೊಚಗುಟ್ಟಿದ. ಒಂದರ ಬದಲು ಎರಡು ವಾಷರು ಕೊಟ್ಟು, "ನಿಮಗೆ ಹಾಕೋಕೆ ಬರುತ್ತಾ? ಮಗ ರಜಕ್ಕೆ ಬಂದಾಗ ಹಾಕ್ತಾನೆ ಅಂತಿದ್ರು ಅಮ್ಮ" ಎಂದ.

ಅಳಿಯನನ್ನೇ ಮಗ ಅಂದಿರಬೇಕೆಂದುಕೊಂಡು ಲಿಫ್ಟಣ್ಣ ತಲೆಯಾಡಿಸಿದ. ಮನೆಗೆ ಬಂದು ತಾನೇ ನಲ್ಲಿ ಬಿಚ್ಚಿ ವಾಷರು ಹಾಕಿದ. ನಾಲ್ಕು ತಿಂಗಳಿಂದ ತೊಟ್ಟಿಕ್ಕುತ್ತಿದ್ದ ನೀರು ನಿಂತಿತು. ಸಂಜೆ ಬಂದ ಮಗಳು ನಲ್ಲಿಯನ್ನು ಒಂದು ಸಲ ತಿರುಗಿಸಿ ನೋಡಿದಳು. ಮೊಮ್ಮಗಳು ಕೆಳಗೆ ಆಡಲು ಹೋಗಿದ್ದಳು. ಇದೇ ಸಮಯವೆಂದು ಲಿಫ್ಟಣ್ಣ ಬಾಯಿ ತೆರೆದ.

"ಗುರುವಾರ ಗುರುವಾರ ನಿನ್ನಮ್ಮ ಎಲ್ಲಿಗೆ ಹೋಗ್ತಿದ್ದಳು?"

"ಸಂತೆಗೆ. ಇನ್ನೆಲ್ಲಿಗೆ?"

"ಯಾರ ಜೊತೆ?"

ಈರುಳ್ಳಿ ಹೆಚ್ಚುತ್ತಿದ್ದ ಮಗಳು ಚಾಕು ಕೆಳಗಿಟ್ಟಳು. "ಏನ್ ಕೇಳ್ತಾ ಇದೀರಿ ಅಪ್ಪ?"

"ಶರ್ಟು ಯಾರದು ಅಂತ ಕೇಳ್ತಾ ಇದೀನಿ."

"ಅವಳು ಬದುಕಿದ್ದಾಗ ಒಂದೇ ಒಂದು ಸಲ ಕೇಳಿದ್ರಾ? ಎಲ್ಲಿ ಹೋಗಿದ್ದೆ, ಏನ್ ತಂದೆ, ಕಾಲು ನೋಯ್ತಾ ಇದೆಯಾ ಅಂತ? ಮಾತಿಗೆ ಮಾತು ಸೇರಿಸದೆ ನಲವತ್ತು ವರ್ಷ ಗೂಟದ ಹಾಗೆ ಕೂತಿದ್ರಿ. ಈಗ ಸತ್ತವಳ ಮೇಲೆ ಪತ್ತೇದಾರಿಕೆ! ಆ ಹಾಳು ಶರ್ಟನ್ನ ನಾನು ಇವತ್ತೇ ಬಿಸಾಕ್ತೀನಿ."

"ಬಿಸಾಕ್ಬೇಡ. ನೋಡೋಣ."

"ನೋಡೋಣ!" ಮಗಳ ದನಿ ಏರಿತು. "ಆವತ್ತೂ ಇದನ್ನೇ ಅಂದ್ರಿ. ಬೆಳಿಗ್ಗೆ ನೋಡೋಣ ಅಂದ್ರಿ. ನಾನು ಆ ಬಾಗಿಲಲ್ಲೇ ನಿಂತಿದ್ದೆ. ನನಗೆ ಒಂಬತ್ತು ವರ್ಷ. ಕಿವಿ ಇತ್ತು ನಂಗೆ."

ಆಡಬಾರದ ಮಾತು ಆಡಿಬಿಟ್ಟಿದ್ದಳು. ಅವಳಿಗೊಬ್ಬ ತಮ್ಮನಿದ್ದ. ಹಂಚಿಕಡ್ಡಿಯ ಹಾಗಿದ್ದನೆಂದು ಮನೆಯಲ್ಲೆಲ್ಲ ಅವನನ್ನು 'ಕಡ್ಡಿ' ಎಂದೇ ಕರೆಯುತ್ತಿದ್ದರು. ಆರನೇ ವಯಸ್ಸಿನಲ್ಲಿ ಒಂದು ರಾತ್ರಿ ಅವನಿಗೆ ಮೈ ಸುಡುವ ಜ್ವರ ಬಂತು. ಆಸ್ಪತ್ರೆಗೆ ಎತ್ತಿಕೊಂಡು ಹೋಗೋಣವೆಂದು ಹೆಂಡತಿ ಅಂಗಲಾಚಿದಳು. ಎರಡು ಪಾಳಿ ದುಡಿದು ಬಂದಿದ್ದ ಲಿಫ್ಟಣ್ಣ, "ಬೆಳಿಗ್ಗೆ ನೋಡೋಣ, ಮಲಕ್ಕೋ" ಎಂದು ಮಗ್ಗುಲು ತಿರುಗಿದ. ಬೆಳಿಗ್ಗೆಗೆ ನೋಡಲು ಏನೂ ಉಳಿದಿರಲಿಲ್ಲ. ಅದಾಗಿ ಇಪ್ಪತ್ತೆಂಟು ವರ್ಷ. ಹೆಂಡತಿ ಒಂದು ದಿನವೂ ಅವನನ್ನು ದೂರಲಿಲ್ಲ. ಆ ಹುಡುಗನ ಹೆಸರನ್ನೂ ಯಾರೂ ಎತ್ತಲಿಲ್ಲ. ಮೊಮ್ಮಗಳಿಗೆ ತನಗೊಬ್ಬ ಸೋದರಮಾವನಿದ್ದ ಎಂಬುದೇ ತಿಳಿಯದು.

ಆ ದಿನ ಅಪ್ಪ ಮಗಳು ಉಣ್ಣಲಿಲ್ಲ. ಮೊಮ್ಮಗಳೊಬ್ಬಳೇ ಮೊಟ್ಟೆ ಕಲಸಿಕೊಂಡು ಉಂಡಳು. "ಯಾಕೆ ಇಬ್ರೂ ಟೂ ಬಿಟ್ಟಿದೀರಾ?" ಎಂದು ಕೇಳಿ ಅಮ್ಮನಿಂದ ಬೈಸಿಕೊಂಡಳು.

ಮೂರನೇ ವಾರದ ಭಾನುವಾರ ಲಿಫ್ಟಣ್ಣ ಕಾಲುವೆಯ ಪಕ್ಕದ ಹಳೇ ಬಟ್ಟೆಯ ಸಂತೆಗೆ ಹೋದ. ಎಲಾಸ್ಟಿಕ್ಕು ಅಲ್ಲೇ ಸಿಗುತ್ತದೆ ಎಂದು ಆಲೂಗಡ್ಡೆಯವಳು ಹೇಳಿದ್ದಳು. ಬಂಡಿಗಳು ಓಡಾಡದಂತೆ ರಸ್ತೆ ಮುಚ್ಚಿದ್ದರು. ರಸ್ತೆಯುದ್ದಕ್ಕೂ ಕೋಟು, ಸ್ವೆಟರು, ಲಂಗ, ಮಕ್ಕಳ ಕಾಲುಚೀಲಗಳ ರಾಶಿ. ಕವುಚಿಹಾಕಿದ ಬಕೇಟಿನ ಮೇಲೆ ದಪ್ಪ ಕನ್ನಡಕದ ಮುದುಕಿಯೊಬ್ಬಳು ಕೂತಿದ್ದಳು. ಚೀಲ ನೋಡಿದವಳೇ ಎದ್ದು ನಿಂತಳು. ಸುದ್ದಿ ಕೇಳಿ ಮತ್ತೆ ಕೂತಳು.

"ನನಗಿಂತ ಚಿಕ್ಕೋಳು" ಎಂದಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, "ಎಲಾಸ್ಟಿಕ್ಕು ಎಷ್ಟು ಬೇಕು?" ಎಂದಳು.

ಲಿಫ್ಟಣ್ಣ ಎಲಾಸ್ಟಿಕ್ಕಿನ ಮಾತು ಬಿಟ್ಟು ಶರ್ಟು ತೆಗೆದು ತೋರಿಸಿದ. ಬೀದಿಯಲ್ಲಿ ನಿಂತು ಇದನ್ನು ಕೇಳುವುದು ಮಗಳ ಹತ್ತಿರ ಕೇಳುವುದಕ್ಕಿಂತ ಸುಲಭವಾಗಿತ್ತು. "ಇದರ ವಿಷಯ ನಿಮಗೇನಾದ್ರೂ ಗೊತ್ತಾ?"

ಮುದುಕಿ ಶರ್ಟನ್ನು ಮೂಗಿನ ಹತ್ತಿರ ಹಿಡಿದು ತಿರುಗಿಸಿ ನೋಡಿದಳು. "ಇದು ಮುಂದಿನ ವರ್ಷ ಬರ್ಬೇಕಾಗಿತ್ತಲ್ಲ. ಈ ವರ್ಷದ್ದು ಆಗಲೇ ಬಂತು."

"ಹಾಗಂದ್ರೆ?"

"ಪ್ರತಿ ವರ್ಷ ಹೊಸದು ಕೊಳ್ಳೋ ಮೊದಲು ಹಿಂದಿನ ವರ್ಷದ ಶರ್ಟು ತಂದು ಈ ರಾಶಿಗೆ ಹಾಕ್ತಿದ್ಲು ನಿಮ್ಮಾಕೆ. ಒಂದು ಸಲವೂ ಮೈಮೇಲೆ ಬಿದ್ದಿರಲ್ಲ, ಸೂಜಿ ಕೂಡ ತೆಗೆದಿರಲ್ಲ. ಇದ್ಯಾಕೇ ಹೊಸದನ್ನ ಹಳೇದ್ರಲ್ಲಿ ಹಾಕ್ತೀಯ ಅಂದ್ರೆ, 'ಅವನು ಬೆಳೆದುಬಿಟ್ಟ ಕಣೇ, ಇದು ಹಿಡಿಸಲ್ಲ' ಅಂತಿದ್ಲು. ಮೊದಮೊದಲು ಇಷ್ಟಿಷ್ಟು ಶರ್ಟು." ಅವಳು ಕೈಯಲ್ಲಿ ಅಳತೆ ತೋರಿಸಿದಳು. ಒಂದು ಮೊಳ. "ಆಮೇಲಾಮೇಲೆ ದೊಡ್ಡದು. ಇನ್ನೊಬ್ಬರ ಮನೆ ವಿಷಯ ನಮಗ್ಯಾಕೆ ಅಂತ ನಾನೂ ಕೆದಕಲಿಲ್ಲ."

ಲಿಫ್ಟಣ್ಣ ರಸ್ತೆಯ ಅಂಚಿನ ಕಲ್ಲಿನ ಮೇಲೆ ಕುಕ್ಕರಿಸಿದ. ಇಷ್ಟು ದಿನ ಯಾವ ಗಂಡಸಿಗೆ ಮನಸ್ಸಿನಲ್ಲೇ ಹಿಡಿಶಾಪ ಹಾಕುತ್ತಿದ್ದನೋ ಅವನು ಯಾರೆಂದು ಈಗ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಎಲ್ಲಿ ಕೊಳ್ತಿದ್ದಳು ಇದನ್ನ?"

"ಗುರುವಾರದ ಬಟ್ಟೆ ಬೀದೀಲಿ. ಗಡಿಯಾರ ರಿಪೇರಿ ಅಂಗಡಿ ಪಕ್ಕ ಒಬ್ಬ ಶರ್ಟಿನವನು ಕೂರ್ತಾನೆ, ಅವನ ಹತ್ರ."

ಭಾನುವಾರದಿಂದ ಗುರುವಾರದವರೆಗೆ ಲಿಫ್ಟಣ್ಣ ಮನೆಯಲ್ಲೇ ಉಳಿದ. ಆಲೂಗಡ್ಡೆ ಸುಲಿದುಕೊಟ್ಟ. ಮೊಮ್ಮಗಳ ಸ್ಕೂಲಿನ ಬೂಟಿಗೆ ಪಾಲಿಷ್ ಹಾಕಿದ. ಮಗಳು ಒಂದೆರಡು ಸಲ, "ಅಪ್ಪ, ಆವತ್ತು ನಾನು..." ಎಂದು ಶುರುಮಾಡಿದಳು. "ಇರಲಿ ಬಿಡು" ಎಂದು ಅವನು ಎದ್ದುಹೋದ. ಈಗ ಅವನಿಗೆ ಬೇಕಾಗಿದ್ದದ್ದು ಒಂದೇ. ಮನೆಯಲ್ಲಿ ಇಪ್ಪತ್ತೆಂಟು ವರ್ಷ ಬಾಯಿ ಬಿಡದವಳು ಆ ರಾತ್ರಿಯ ವಿಷಯವನ್ನು ಬೀದಿಯಲ್ಲಿ ಏನೆಂದು ಹೇಳಿಕೊಂಡಿದ್ದಳು? ಗಂಡ ಮಗ್ಗುಲು ತಿರುಗಿ ಮಲಗಿದ ಎಂದಿದ್ದಳೇ?

ಗುರುವಾರ ಮಧ್ಯಾಹ್ನ ನಾಲ್ಕಕ್ಕೇ ಅವನು ಬಟ್ಟೆ ಬೀದಿಯಲ್ಲಿದ್ದ. ಎರಡು ಕಟ್ಟಡಗಳ ನಡುವಿನ ಇಕ್ಕಟ್ಟು ಓಣಿ, ಮೇಲೆ ಹಗ್ಗ ಕಟ್ಟಿ ತೂಗಿಹಾಕಿದ ಬಟ್ಟೆ. ಬಗ್ಗಿ ಬಗ್ಗಿಯೇ ನಡೆಯಬೇಕು. ಶರ್ಟಿನವನು ಐವತ್ತು ದಾಟಿದವನು, ಕುತ್ತಿಗೆಯಲ್ಲಿ ಅಳತೆಟೇಪು, ಬಾಯಲ್ಲಿ ಎರಡು ಗುಂಡುಸೂಜಿ. ಅವನಿಗೆ ಸುದ್ದಿ ಮೊದಲೇ ಮುಟ್ಟಿತ್ತು. ಸಂತೆಯಿಂದ ಸಂತೆಗೆ ಮಾತು ಓಡುವುದಕ್ಕೆ ಎಷ್ಟು ಹೊತ್ತು! ಅವನು ಸೂಜಿ ಉಗಿದು ಎದ್ದು ಬಂದು ಲಿಫ್ಟಣ್ಣನ ಎರಡೂ ಕೈ ಹಿಡಿದುಕೊಂಡ. ಸ್ಟೂಲು ಎಳೆದು ಕೂರಿಸಿದ.

"ಶರ್ಟು ಬದಲಾಯಿಸ್ಬೇಕಿತ್ತಾ? ಸೂಜಿ ತೆಗೆದಿಲ್ಲ ತಾನೆ? ಸೂಜಿ ಇದ್ರೆ ಯಾವತ್ತು ಬೇಕಾದ್ರೂ ಬದಲಾಯಿಸಿ ಕೊಡ್ತೀನಿ, ಅದು ನಮ್ಮ ಮಾತು. ಆದ್ರೆ ಅಮ್ಮ ಹೇಳಿದ ಅಳತೆ ಒಂದು ಸಲವೂ ತಪ್ಪಿಲ್ಲ ನೋಡಿ. ಬನ್ನಿ, ತೋರಿಸ್ತೀನಿ."

ಅವನು ಹಳೆಯ ರಟ್ಟಿನ ಪೆಟ್ಟಿಗೆಯೊಂದರ ಮುಚ್ಚಳ ತೆಗೆದ. ಖಾಯಂ ಗಿರಾಕಿಗಳ ಅಳತೆಗಳನ್ನೆಲ್ಲ ಅದರ ಒಳಗೆ ಬರೆದುಕೊಂಡಿದ್ದ. ಒಂದು ಸಾಲಿನ ತುದಿಯಲ್ಲಿ ಪುಟ್ಟ ಕೊಡೆಯ ಚಿತ್ರ. ಅದರ ಮುಂದೆ ಇಪ್ಪತ್ನಾಲ್ಕು, ಇಪ್ಪತ್ನಾಲ್ಕು, ಇಪ್ಪತ್ತಾರು, ಇಪ್ಪತ್ತೆಂಟು. ಶಾಯಿ ಬದಲಾಗುತ್ತಾ ಬದಲಾಗುತ್ತಾ ಮೂವತ್ತು, ಮೂವತ್ತೆರಡು, ಮೂವತ್ತಾರು. ಬಾಗಿಲ ಮೇಲೆ ಒಂದೊಂದೇ ಮಹಡಿಯ ದೀಪ ಹತ್ತುವುದನ್ನು ನೋಡುತ್ತಿದ್ದ ಹಾಗೆ ಲಿಫ್ಟಣ್ಣ ಆ ಅಂಕಿಗಳನ್ನು ನೋಡಿದ. ಮೂವತ್ತೆಂಟರಲ್ಲಿ ನಾಲ್ಕೈದು ವರ್ಷ ನಿಂತಿತ್ತು. ತನ್ನದೇ ಅಳತೆ. ಆಮೇಲೆ ನಲವತ್ತು. ಕೊನೆಗೆ ನಲವತ್ತೆರಡು.

"ಮದುವೆ ಆದ್ಮೇಲೆ ಹೊಟ್ಟೆ ಬಂತಂತೆ" ಎಂದು ಶರ್ಟಿನವನು ನಕ್ಕ. "ಅದನ್ನ ಹೇಳಿ ಅಮ್ಮ ನಕ್ಕಿದ್ದೇ ನಕ್ಕಿದ್ದು. ಹೆಸರು ನೋಡಿದ್ರೆ ಕಡ್ಡಿ, ಶರ್ಟು ನೋಡಿದ್ರೆ ಗುಡಾಣ ಅಂತ. ಒಂದ್ಸಲ ಕರ್ಕೊಂಡು ಬನ್ನಿ ಅಂದ್ರೆ ಹಡಗಿನ ಕೆಲಸ, ರಜಾನೇ ಕೊಡಲ್ಲ ಅಂತಿದ್ರು. ತಾಯಿ ಮುಖ ನೋಡೋಕಾದ್ರೂ ಬಂದಿದ್ರಾ ಪಾಪ?"

ಲಿಫ್ಟಣ್ಣ ತಲೆ ತಗ್ಗಿಸಿ ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡ.

"ಹೋಗ್ಲಿ ಬಿಡಿ, ಸಂಕಟ ನನಗೆ ಅರ್ಥ ಆಗುತ್ತೆ. ಅಪ್ಪ ಮಗ ಇಬ್ರೂ ಎಷ್ಟು ಹಚ್ಕೊಂಡಿದೀರಿ ಅಂತ ಅಮ್ಮ ಹೇಳ್ತಾನೇ ಇದ್ರು. ಚಿಕ್ಕವನಿದ್ದಾಗ ಜ್ವರ ಬಂದ ರಾತ್ರಿ ಹೊತ್ಕೊಂಡು ಓಡಿದವರು ನೀವೇ ಅಲ್ವಾ?"

"ಏನು?"

"ಎಷ್ಟು ಸಲ ಕೇಳಿದೀನೋ ಆ ಕಥೆ! ಎರಡು ಪಾಳಿ ಕೆಲಸ ಮಾಡಿ ಬಂದಿದ್ರಂತೆ ನೀವು, ಕಣ್ಣು ಬಿಡೋಕೂ ಆಗ್ತಿರಲಿಲ್ಲವಂತೆ. ಮಗು ಮೈ ಮುಟ್ಟಿ ನೋಡಿದ್ದೇ ಎತ್ಕೊಂಡು ನಾಲ್ಕು ಮಹಡಿ ಇಳಿದು ಆಸ್ಪತ್ರೆವರೆಗೂ ಓಡಿದ್ರಂತೆ. ದಾರೀಲಿ ಒಂದು ಚಪ್ಪಲಿ ಬಿದ್ದುಹೋದ್ರೂ ತಿರುಗಿ ನೋಡ್ಲಿಲ್ಲವಂತೆ. 'ಅವರು ಓಡಿದ್ದಕ್ಕೇ ನನ್ನ ಮಗ ಉಳಿದ' ಅಂತ, ಪ್ರತಿ ವರ್ಷ ಶರ್ಟು ಸುತ್ತಿ ಕೊಡುವಾಗ ಇದನ್ನ ಹೇಳದೆ ಹೋಗ್ತಿರಲಿಲ್ಲ." ಶರ್ಟಿನವನು ಗೌರವದಿಂದ ಲಿಫ್ಟಣ್ಣನ ಕಾಲಿನ ಕಡೆ ನೋಡಿದ. ಎರಡೂ ಚಪ್ಪಲಿ ಇದ್ದವು.

ಲಿಫ್ಟಣ್ಣ ಎದ್ದ. ಶರ್ಟನ್ನು ಚೀಲದೊಳಗಿಟ್ಟ. "ಬದಲಾಯಿಸೋದು ಬೇಡ. ಅಳತೆ ಸರಿ ಇದೆ" ಎಂದ.

ಮನೆಗೆ ಬರುವಾಗ ಮೂರನೇ ಮಹಡಿಯ ತಿರುವಿನಲ್ಲಿ ಅವನು ನಿಂತ. ಹೆಂಡತಿ ಕೂತಿದ್ದ ಮೆಟ್ಟಿಲ ಮೇಲೆಯೇ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಪಕ್ಕದ ಮನೆಯವಳು ಇಳಿದು ಬಂದವಳು ಹೆದರಿ, "ಯಾಕೆ ಲಿಫ್ಟಣ್ಣ, ಏನಾಯ್ತು?" ಎಂದು ಕೂಗಿಯೇಬಿಟ್ಟಳು. "ಏನಿಲ್ಲ ತಾಯಿ, ಎದ್ದೆ" ಎಂದು ಅವನು ಮೆಟ್ಟಿಲ ಪಕ್ಕದ ಕಟಾಂಜನ ಹಿಡಿದು ಎದ್ದ.

ಮನೆಯಲ್ಲಿ ಮಗಳು ಊಟಕ್ಕೆ ತಟ್ಟೆ ಇಡುತ್ತಿದ್ದಳು. ಬೇಯಿಸಿದ ಆಲೂಗಡ್ಡೆ, ಬೇಳೆ, ಅನ್ನ. ಮೊಮ್ಮಗಳು ಆಗಲೇ ಕೂತು ಒಂದು ಆಲೂಗಡ್ಡೆ ಕದ್ದು ಬಾಯಿಗೆ ಹಾಕಿಕೊಂಡಿದ್ದಳು. ಲಿಫ್ಟಣ್ಣ ಶರ್ಟನ್ನು ತೆಗೆದು ತಟ್ಟೆಗಳ ನಡುವೆ ಇಟ್ಟ.

"ಶರ್ಟು ಯಾರದು ಅಂತ ಗೊತ್ತಾಯ್ತು. ಕಡ್ಡಿದು."

ಮಗಳ ಕೈಯಲ್ಲಿದ್ದ ಸೌಟು ಪಾತ್ರೆಗೆ ತಗುಲಿ ಠಣ್ಣೆಂದಿತು. ಮೊಮ್ಮಗಳು ಬಾಯಿ ತುಂಬಿಕೊಂಡೇ, "ಕಡ್ಡಿ ಅಂದ್ರೆ ಯಾರು?" ಎಂದಳು.

"ನಿನ್ನ ಮಾವ. ನಿನ್ನಮ್ಮನ ತಮ್ಮ. ನನ್ನ ಮಗ."

ಲಿಫ್ಟಣ್ಣ ಎಲ್ಲ ಹೇಳಿದ. ಅವನು ಒಂದೇ ಉಸುರಿಗೆ ಅಷ್ಟು ಮಾತಾಡಿದ್ದನ್ನು ಮಗಳು ಕಂಡಿರಲಿಲ್ಲ. ಕಾಲುವೆಯ ಪಕ್ಕದ ಮುದುಕಿ, ರಟ್ಟಿನ ಮುಚ್ಚಳ, ಇಪ್ಪತ್ನಾಲ್ಕರಿಂದ ಏರುತ್ತಾ ಹೋದ ಅಂಕಿಗಳು, ಹಡಗು, ಮದುವೆ, ಹೊಟ್ಟೆ. ಕೊನೆಗೆ ಬಿದ್ದುಹೋದ ಚಪ್ಪಲಿ.

"ನಾಳೆನೇ ಹೋಗಿ ಅವನಿಗೆ ನಿಜ ಹೇಳ್ತೀನಿ. ಇಲ್ಲ, ಇವತ್ತೇ. ಸಂತೆ ಇನ್ನೂ ಇರುತ್ತೆ. ನಾನು ಓಡಲಿಲ್ಲ ಕಣಮ್ಮ. ಅವನು ನನ್ನ ಕಾಲು ನೋಡ್ತಾನೆ, ದೇವರನ್ನ ನೋಡೋ ಹಾಗೆ ನೋಡ್ತಾನೆ. ನಾನು ಮಲಗಿದ್ದೆ. ಮಗ್ಗುಲು ತಿರುಗಿ ಮಲಗಿದ್ದೆ."

ಅವನು ನಿಜಕ್ಕೂ ಎದ್ದು ಚಪ್ಪಲಿ ಹುಡುಕತೊಡಗಿದ. ಮಗಳು ಬಂದು ಅವನ ತೋಳು ಹಿಡಿದಳು. ಇಡೀ ದಿನ ಇಸ್ತ್ರಿಯ ಮುಂದೆ ನಿಂತ ಅವಳ ಅಂಗೈ ಬಿಸಿಯಾಗಿತ್ತು.

"ಕೂತ್ಕೊಳ್ಳಿ ಅಪ್ಪ. ಅಮ್ಮ ನಿಮ್ಮನ್ನ ವರ್ಷಕ್ಕೊಂದ್ಸಲ ಓಡಿಸಿದಾಳೆ. ಇಪ್ಪತ್ತೆಂಟು ಸಲ ಓಡಿದೀರಿ. ಅವಳು ಕಷ್ಟಪಟ್ಟು ಉಳಿಸ್ಕೊಂಡಿದ್ದನ್ನ ನೀವು ಹೋಗಿ ಕೆಡಿಸ್ಬೇಡಿ."

ಲಿಫ್ಟಣ್ಣ ಕೂತ. ಮಗಳು ಅವನ ತಟ್ಟೆಗೆ ಅನ್ನ ಬಡಿಸಿದಳು, ಬೇಳೆ ಹಾಕಿದಳು, ಆಲೂಗಡ್ಡೆಯನ್ನು ಚಿಕ್ಕವರಿಗೆ ಮಾಡುವ ಹಾಗೆ ಹಿಸುಕಿ ಇಟ್ಟಳು. ಅವನು ತುತ್ತು ಕಲಸಿದ, ಬಾಯಿಗೆ ಇಡಲಿಲ್ಲ.

ಮೊಮ್ಮಗಳು ಶರ್ಟನ್ನೇ ನೋಡುತ್ತಿದ್ದಳು. ಅವಳಿಗೆ ಎಷ್ಟು ಅರ್ಥವಾಗಿತ್ತೋ ದೇವರೇ ಬಲ್ಲ. "ತಾತ, ಅಜ್ಜಿ ಇಲ್ವಲ್ಲ, ಇನ್ಮೇಲೆ ನೀವೇ ತರ್ಬೇಕಲ್ವಾ? ಮುಂದಿನ ವರ್ಷ ಎಷ್ಟರದು ತರ್ತೀರಾ? ನಲವತ್ನಾಲ್ಕಾ?"

"ಸುಮ್ನಿರೇ" ಎಂದು ಮಗಳು ಗದರಿದಳು.

ಲಿಫ್ಟಣ್ಣ ಶರ್ಟನ್ನು ಹತ್ತಿರಕ್ಕೆ ಎಳೆದುಕೊಂಡ. ಕಾಲರನ್ನು ಎಡಗೈ ಹೆಬ್ಬೆರಳಿನಿಂದ ಒಂದು ಸಲ ಸವರಿದ.

"ನಲವತ್ತೆರಡೇ ಸಾಕು" ಎಂದ. "ಮೂವತ್ನಾಲ್ಕು ವರ್ಷಕ್ಕೇ ಎಂಥಾ ಹೊಟ್ಟೆ ಅದು? ಇನ್ನೂ ಬೆಳೆಸಿದ್ರೆ ನಾನ್ ಸುಮ್ನಿರಲ್ಲ. ಬೆಳಿಗ್ಗೆ ಎದ್ದು ನಾಲ್ಕು ಮಹಡಿ ಹತ್ತಿ ಇಳೀಲಿ."

ಮಗಳು ಕಿಸಕ್ಕೆಂದು ನಕ್ಕಳು. ನಗುತ್ತಾ ನಗುತ್ತಾ ಸೌಟು ಹಿಡಿದ ಕೈಯಿಂದಲೇ ಮುಖ ಮುಚ್ಚಿಕೊಂಡಳು, ಬೇಳೆ ಮೊಣಕೈವರೆಗೆ ಇಳಿಯಿತು. ಲಿಫ್ಟಣ್ಣ ತುತ್ತನ್ನು ಬಾಯಿಗಿಟ್ಟ. ಅದು ಉಪ್ಪುಪ್ಪಾಗಿತ್ತು. ಉಪ್ಪು ಜಾಸ್ತಿಯಾಯಿತೆಂದು ಮಗಳಿಗೆ ಹೇಳಹೋದವನು ತನ್ನ ಕೆನ್ನೆ ಮುಟ್ಟಿ ನೋಡಿಕೊಂಡ.